ಎಂಟು ಗಂಟೆಯ ಪಾರ್ಟ್ನರ್

ಕೋರ್ಟಿನ ಎದುರು ಹೊಂಗೆ ಮರದ ಕೆಳಗೆ ಈ ಕಾಲದಲ್ಲೂ ಒಬ್ಬ ಟೈಪಿಸ್ಟ್ ಕೂರುತ್ತಾನೆಂದು ನನಗೆ ಗೊತ್ತಿರಲಿಲ್ಲ. ಪಿಂಚಣಿಯ ಯಾವುದೋ ಕಾಗದಕ್ಕೆ ಅಫಿಡವಿಟ್ ಬೇಕೆಂದು ಮೂರನೇ ಸಲ ಅಲೆಯುತ್ತಿದ್ದೆ. ಕಾಲು ಸೋತಿತ್ತು. ಅವನು ಎಳೆದುಕೊಟ್ಟ ಸ್ಟೂಲಿನ ಮೇಲೆ ಕೂತೆ. ಅವನು ಮೆಷಿನ್ನಿನ ಮುಚ್ಚಳ ತೆಗೆದದ್ದೇ ತಡ, ರಿಬ್ಬನ್ನಿನ ಮಸಿಯೂ ಎಣ್ಣೆಯೂ ಬೆರೆತ ಆ ವಾಸನೆ ಮೂಗಿಗೆ ಬಡಿಯಿತು. ಎಷ್ಟು ವರ್ಷವಾಗಿತ್ತು... ವಾಸನೆಯ ಹಿಂದೆಯೇ ಅವಳೂ ನೆನಪಿಗೆ ಬಂದಳು.

ಅರವತ್ತರ ದಶಕದ ಮಾತು. ಶಿವಮೊಗ್ಗದ ಒಂದು ಅಂಗಡಿಯ ಮಹಡಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಮೆಷಿನ್ ಕಡಿಮೆ, ಕಲಿಯುವವರು ಹೆಚ್ಚು. ಹಾಗಾಗಿ ಒಂದೊಂದು ಮೆಷಿನ್ನಿಗೆ ಗಂಟೆಗೊಬ್ಬರು. ಹೊಸಮನೆಯಿಂದ ನಡೆದು ಬರುತ್ತಿದ್ದ ನನ್ನದು ಏಳರಿಂದ ಎಂಟು. ಭದ್ರಾವತಿಯಿಂದ ರೈಲಿನಲ್ಲಿ ಬರುತ್ತಿದ್ದ ಅವಳದು ಎಂಟರಿಂದ ಒಂಬತ್ತು. ನಮ್ಮ ಪಾಲಿಗೆ ಬಂದದ್ದು ಎಲ್ಲಕ್ಕಿಂತ ಹಳೆಯ ಮೆಷಿನ್. ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ರಿಬ್ಬನ್ ಒಂದು ಕೊನೆ ಮುಟ್ಟಿದರೆ ತಾನಾಗಿ ಹಿಂದಕ್ಕೆ ತಿರುಗುತ್ತಿರಲಿಲ್ಲ, ಬೆರಳಿನಿಂದ ಸುತ್ತಬೇಕು. ಏಳುವವಳು ಸುತ್ತಿಟ್ಟೇ ಏಳಬೇಕೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ನಾನು ಅವಳಿಗೆ, ಅವಳು ಮಾರನೆಯ ದಿನದ ನನಗೆ.

ಮೇಷ್ಟ್ರಿಗೆ ಪದಗಳ ಪಟ್ಟಿ ಹೊಡೆಸುವ ಹುಚ್ಚು. ಒಂದು ದಿನ ಜೊತೆಗಾರರ ಪಟ್ಟಿ ಕೊಟ್ಟರು: ಕ್ಲಾಸ್‌ಮೇಟ್, ರೂಮ್‌ಮೇಟ್, ಪ್ಲೇಮೇಟ್, ಪಾರ್ಟ್ನರ್, ಕಂಪ್ಯಾನಿಯನ್, ಕಲೀಗ್. ಒಟ್ಟಿಗೆ ಓದಿದವರಿಗೊಂದು, ಒಟ್ಟಿಗೆ ಆಡಿದವರಿಗೊಂದು. ಇಷ್ಟೆಲ್ಲ ಯಾಕಪ್ಪಾ ಎಂದು ನಾನು ಗೊಣಗಿದೆ. ಅವಳಿಗೋ ಅದು ಹಬ್ಬ. ನನ್ನ ಪಕ್ಕ ನಿಂತು ಒಂದೊಂದರ ಮೇಲೂ ಬೆರಳಿಟ್ಟಳು.

“ಕ್ಲಾಸ್‌ಮೇಟ್ ಅಂದ್ರೆ ಇಲ್ಲಿರೋರೆಲ್ಲ ಆದ್ರಲ್ಲ ಮಾರಾಯ್ತಿ. ನೀನು ನಂಗೆ ಪಾರ್ಟ್ನರ್.”

“ಮತ್ತೆ ಕಲೀಗ್?”

“ಅದು ಈಗ್ಲೇ ಬೇಡ. ಇಬ್ರಿಗೂ ಒಂದೇ ಆಫೀಸಲ್ಲಿ ಕೆಲಸ ಸಿಗ್ಲಿ, ಆವಾಗ ಕರೀತೀನಿ.”

ಅಂದಿನಿಂದ ಅವಳು ನನ್ನ ಹೆಸರು ಹಿಡಿದು ಕೂಗಲೇ ಇಲ್ಲ. ಅವಳ ಅಬ್ಬಾ ಲಾರಿ ಡ್ರೈವರ್. ಮನೆಯ ಹಿರಿಯರೆಲ್ಲರ ಎದುರು ನಿಂತು ಮಗಳನ್ನು ಕಳಿಸಿದ್ದರು. ಒಂದು ವರ್ಷ, ಒಂದೇ ಪರೀಕ್ಷೆ. ಪಾಸಾದರೆ ಕೆಲಸ, ಇಲ್ಲದಿದ್ದರೆ ಮನೆ. ನಮ್ಮಪ್ಪ ವಿಭೂತಿ ಹಚ್ಚಿಕೊಳ್ಳುತ್ತಾ ನನಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕೈ ಮಾತ್ರ ಅವಳದೇ ಚುರುಕು. ಪಾಸಾಗುವುದು ಅವಳು, ನನ್ನದು ಅನುಮಾನ ಎಂದು ಮೇಷ್ಟ್ರು ನನ್ನೆದುರಿಗೇ ಹೇಳುತ್ತಿದ್ದರು.

ಪರೀಕ್ಷೆ ಒಂದು ಹೈಸ್ಕೂಲಿನಲ್ಲಿ. ಹಿಂದಿನ ದಿನವೇ ನಮ್ಮ ಮೆಷಿನ್ನುಗಳನ್ನು ತಳ್ಳುಗಾಡಿಯಲ್ಲಿ ಸಾಗಿಸಿದ್ದರು. ಮೊದಲ ಬ್ಯಾಚು ನನ್ನದು, ಎರಡನೆಯದು ಅವಳದು, ಮೆಷಿನ್ ಅದೇ. ನನಗೆ ಎಂದೂ ಬರದ ವೇಗ ಅಂದು ಬಂತು. ಗಂಟೆ ಹೊಡೆಯುವ ಮೊದಲೇ ಮುಗಿಸಿದ್ದೆ. ಹಿಗ್ಗಿನಲ್ಲಿ ಕಾಗದ ಒಪ್ಪಿಸಿ ಹೊರಗೆ ಓಡಿದೆ. ಬಾಗಿಲಲ್ಲಿ ಎದುರಾದ ಅವಳ ಕೈ ಹಿಡಿದು ಕುಣಿದೆ ಕೂಡ.

ಜಗಲಿಯ ಮೇಲೆ ನಿಂತಿದ್ದೆ. ಒಳಗೆ ಅಷ್ಟೂ ಮೆಷಿನ್ನುಗಳು ಸ್ಪೀಡ್ ಪರೀಕ್ಷೆಯ ಹತ್ತು ನಿಮಿಷಕ್ಕೆ ಶುರುವಿಟ್ಟುಕೊಂಡವು. ಆ ಗದ್ದಲದಲ್ಲೂ ನಮ್ಮ ಮೆಷಿನ್ನಿನ ಸದ್ದು ನನಗೆ ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ರಿಬ್ಬನ್ ಸುತ್ತಿಟ್ಟಿರಲಿಲ್ಲ ನಾನು... ಅವಳೂ ನೋಡಿಕೊಂಡು ಕೂತಿರಲಿಕ್ಕಿಲ್ಲ. ವರ್ಷವಿಡೀ ಅವಳಿಗೆ ನೋಡುವ ಅಗತ್ಯವೇ ಬಿದ್ದಿರಲಿಲ್ಲ.

ಹೊರಗೆ ಬಂದಾಗ ಅವಳ ಬೆರಳೆಲ್ಲ ಮಸಿ. ಮೇಷ್ಟ್ರು ಅಲ್ಲೇ ರೇಗಿದರು. “ಮೆಷಿನ್ ನೋಡ್ಕೊಂಡು ಕೂತ್ಕೋಬೇಕು ಅಂತ ಎಷ್ಟು ಸಲ ಹೇಳಿದೀನಮ್ಮಾ!”

“ನಾನೇ ಮರ್ತೆ ಸಾರ್,” ಅಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಅಲ್ಲೇ ನಿಂತಿದ್ದೆ. ಸಾರ್, ತಪ್ಪು ನನ್ನದು ಎನ್ನಲು ಎಷ್ಟು ಹೊತ್ತು ಬೇಕಿತ್ತು? ಮೇಷ್ಟ್ರ ಬಾಯಿಗೆ ಹೆದರಿದೆನೋ, ನನ್ನ ಸಂತೋಷ ಹಾಳಾಗುವುದೆಂದುಕೊಂಡೆನೋ, ಈಗ ಏನು ಹೇಳಿದರೂ ನೆಪವೇ. ನಾಚಿಕೆಯಾಗುತ್ತದೆ, ಅಷ್ಟೇ.

ಫಲಿತಾಂಶದಲ್ಲಿ ನನ್ನ ನಂಬರಿತ್ತು, ಅವಳದಿರಲಿಲ್ಲ. ಅವಳು ಮತ್ತೆ ಮಹಡಿ ಹತ್ತಲಿಲ್ಲ. ನನಗೆ ಸರ್ಕಾರಿ ಕೆಲಸ ಸಿಕ್ಕಿತು. ಭದ್ರಾವತಿ ಎಷ್ಟು ದೂರ? ಆಫೀಸಿನ ಕೆಲಸಕ್ಕೆ ಎಷ್ಟು ಸಲ ಹೋಗಿ ಬಂದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಅವಳ ಮನೆ ಕೇಳಿಕೊಂಡು ಹೋಗಬೇಕೆಂದುಕೊಂಡೆ, ಪ್ರತಿ ಸಲವೂ ಬಸ್ಸಿಗೆ ಹೊತ್ತಾಯಿತೆಂದು ತಿರುಗಿದೆ. ಆಫೀಸಿನಲ್ಲಿ ಸಂಜೆ ಏಳುವಾಗ ತಪ್ಪದೆ ರಿಬ್ಬನ್ ಸುತ್ತಿಡುತ್ತಿದ್ದೆ. ಅಲ್ಲಿ ನನ್ನ ನಂತರ ಆ ಕುರ್ಚಿಗೆ ಬರುವವರು ಯಾರೂ ಇರಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿ ಒಬ್ಬೊಬ್ಬರೂ ನನ್ನನ್ನು ಒಳ್ಳೆಯ ಕಲೀಗ್ ಎಂದು ಹೊಗಳಿದರು.

ಟೈಪಿಸ್ಟ್ ನನ್ನ ಕಾಗದ ಮುಗಿಸಿಕೊಟ್ಟು ಚಹಾಕ್ಕೆ ಎದ್ದ. ರಿಬ್ಬನ್ ಕೊನೆಗೆ ಬಂದಿರುವುದು ಕಂಡಿತು. ನನಗೇ ತಿಳಿಯದಂತೆ ಬೆರಳು ಹಾಕಿ ಸುತ್ತತೊಡಗಿದೆ. ಅರ್ಧ ಸುತ್ತುವಷ್ಟರಲ್ಲಿ ಅವನು ಲೋಟ ಹಿಡಿದು ಬಂದ.

“ಅಯ್ಯೋ, ಬಿಡಿ ಅಮ್ಮಾ. ಇದ್ರಲ್ಲಿ ರಿಬ್ಬನ್ ತಾನಾಗೇ ತಿರುಗುತ್ತೆ.”

ಬೆರಳಿಗೆ ಮಸಿ ಹತ್ತಿತ್ತು. ಒರೆಸಿಕೊಳ್ಳದೆ ಬಸ್ ಸ್ಟ್ಯಾಂಡಿಗೆ ನಡೆದೆ. ಭದ್ರಾವತಿಯ ಬಸ್ಸೊಂದು ಹೊರಡಲು ಸಿದ್ಧವಾಗಿ ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ಸ್ವಲ್ಪ ಹೊತ್ತು ಅದರ ಬಾಗಿಲ ಬಳಿ ನಿಂತಿದ್ದೆ... ಆಮೇಲೆ ಹೊಸಮನೆಯ ಕಡೆ ಹೋಗುವ ಬಸ್ಸು ಹತ್ತಿದೆ.