ಎಲೆಕ್ಟ್ರೋಥೆರಪಿಯ ಮೊದಲ ತರಗತಿ ಮತ್ತು ದಾದಾಪೀರರ ಬಲಗೈ

ಕೋವಿಡ್ ಕಳೆದು ಕಾಲೇಜುಗಳು ಮತ್ತೆ ಪೂರ್ತಿಯಾಗಿ ನಡೆಯತೊಡಗಿದ ವರ್ಷ. ನಾನು ಆಗ ಚಳ್ಳಕೆರೆಯ ಒಂದು ಫಿಸಿಯೋಥೆರಪಿ ಕಾಲೇಜಿನಲ್ಲಿ ಎಲೆಕ್ಟ್ರೋಥೆರಪಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ಎರಡನೇ ವರ್ಷದವರಿಗೆ ಈ ವಿಷಯವನ್ನು ಪರಿಚಯಿಸುವ ಮೊದಲ ತರಗತಿಯನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ನಮ್ಮ ಕಡೆ ಫಿಸಿಯೋಥೆರಪಿಗೆ ಜನ ಇಟ್ಟಿರುವ ಹೆಸರು ‘ಕರೆಂಟ್ ಕೊಡೋದು’. ವಿದ್ಯಾರ್ಥಿಗಳೂ ಬಹುಮಟ್ಟಿಗೆ ಅದೇ ಕಲ್ಪನೆ ಹೊತ್ತು ಬರುತ್ತಾರೆ. ವಿಶ್ವವಿದ್ಯಾಲಯದ ಪಠ್ಯಕ್ರಮ ಭೌತಶಾಸ್ತ್ರದಿಂದ ಶುರುವಾಗುತ್ತದೆ. ನಾನು ಮಾತ್ರ ಮೊದಲ ದಿನ ಪ್ರತಿಯೊಬ್ಬರ ಮುಂಗೈಗೂ ಪ್ಯಾಡ್ ಹಚ್ಚಿ, ಸಣ್ಣ ಪ್ರಮಾಣದ ಪ್ರವಾಹ ಹರಿಸಿ, ಅವರ ಬೆರಳುಗಳು ಅವರ ಅಪ್ಪಣೆಯಿಲ್ಲದೆ ಕುಣಿಯುವುದನ್ನು ತೋರಿಸುತ್ತಿದ್ದೆ. ತನ್ನ ಮೈಮೇಲೆ ಅನುಭವಿಸದ್ದನ್ನು ರೋಗಿಯ ಮೈಮೇಲೆ ಬಿಡಬಾರದು ಎಂಬುದು ವಿಭಾಗದ ನಿಯಮವಾಗಿತ್ತು. ಆ ವರ್ಷ ಇದರ ಜೊತೆಗೆ ಒಬ್ಬ ರೋಗಿಯನ್ನೂ ತರಗತಿಗೆ ಕರೆಸಿದ್ದೆ.

ಅವರ ಹೆಸರು ದಾದಾಪೀರ್. ವಯಸ್ಸು ನಲವತ್ತರ ಆಸುಪಾಸು. ಎಪಿಎಂಸಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಆಟೋ ಮತ್ತು ಟ್ರ್ಯಾಕ್ಟರ್‌ಗಳ ವೈರಿಂಗ್ ಮಾಡುವ ಮೆಕ್ಯಾನಿಕ್. ನಾಲ್ಕು ತಿಂಗಳ ಹಿಂದೆ ಬಿ.ಜಿ. ಕೆರೆ ಹತ್ತಿರ ಬೈಕಿನಿಂದ ಬಿದ್ದು ಬಲತೋಳಿನ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟ್ ಹಾಕಿದ್ದರು. ಮೂಳೆ ಕೂಡಿತು, ಆದರೆ ಕೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದೇ ಇತ್ತು. ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲೆತ್ತುವ ಸ್ನಾಯುಗಳಿಗೆ ಹೋಗುವ ರೇಡಿಯಲ್ ನರ ತೋಳಿನ ಮೂಳೆಗೆ ಒತ್ತಿಕೊಂಡೇ ಸಾಗುತ್ತದೆ. ಇಂಥ ಮುರಿತದಲ್ಲಿ ಅದಕ್ಕೆ ಪೆಟ್ಟಾಗುವುದು ಅಪರೂಪವಲ್ಲ. ಎಷ್ಟೋ ಜನರಿಗೆ ತಾನಾಗಿಯೇ ಸರಿಹೋಗುತ್ತದೆ. ಇವರಿಗೆ ಆಗಿರಲಿಲ್ಲ.

ನಾನು ಮಾಡಬೇಕಿದ್ದದ್ದು ಚಿಕಿತ್ಸೆಗಿಂತ ಹೆಚ್ಚಾಗಿ ಪರೀಕ್ಷೆ. ಫ್ಯಾರಡಿಕ್ ಎಂಬ ಪ್ರವಾಹದ ಮಿಡಿತಗಳು ತೀರ ಚಿಕ್ಕವು. ಅವು ನರದ ಮೂಲಕವೇ ಸ್ನಾಯುವನ್ನು ಎಬ್ಬಿಸುತ್ತವೆ. ಇಂಟರಪ್ಟೆಡ್ ಗ್ಯಾಲ್ವಾನಿಕ್‌ನ ಮಿಡಿತಗಳು ದೀರ್ಘ. ನರ ಕೆಲಸ ಮಾಡದಿದ್ದರೂ ಅವು ಸ್ನಾಯುವನ್ನು ನೇರವಾಗಿ ತಟ್ಟುತ್ತವೆ. ಮೊದಲು ಫ್ಯಾರಡಿಕ್ ಹರಿಸಿದೆ. ಕೈ ಮಿಸುಕಲಿಲ್ಲ. ಆಮೇಲೆ ಗ್ಯಾಲ್ವಾನಿಕ್‌ಗೆ ಬದಲಿಸಿದೆ. ಜೋತುಬಿದ್ದಿದ್ದ ಕೈ ನಿಧಾನವಾಗಿ, ನಿದ್ದೆಯಿಂದ ಏಳುವವರ ಹಾಗೆ, ಮೇಲೆದ್ದಿತು.

ಮುಂದಿನ ಸಾಲಿನಿಂದ ಒಂದು ಚಪ್ಪಾಳೆ ಕೇಳಿಸಿತು. ಕ್ಷಣದಲ್ಲಿ ಇಡೀ ತರಗತಿ ಚಪ್ಪಾಳೆ ತಟ್ಟುತ್ತಿತ್ತು. ದಾದಾಪೀರರ ಕಣ್ಣು ತುಂಬಿಬಂತು. ಬಾಗಿಲ ಬಳಿ ನಿಂತಿದ್ದ ಹೆಂಡತಿಯ ಕಡೆ ತಿರುಗಿ, “ಶಬಾನಾ, ನೋಡು, ಎದ್ದೈತೆ! ಕೈ ಎದ್ದೈತೆ!” ಎಂದರು.

ನಿಜವಾದ ವಿಷಯ ಇದಕ್ಕೆ ತಿರುವುಮುರುವಾಗಿತ್ತು. ಫ್ಯಾರಡಿಕ್‌ಗೆ ಉತ್ತರ ಬಾರದೆ ಗ್ಯಾಲ್ವಾನಿಕ್‌ಗೆ ಮಾತ್ರ ಹೀಗೆ ಮಂದವಾಗಿ ಬಂದರೆ ಸ್ನಾಯುವಿಗೆ ನರದ ಸಂಪರ್ಕ ಇನ್ನೂ ಇಲ್ಲವೆಂದೇ ಅರ್ಥ. ತಡಮಾಡದೆ ಶಸ್ತ್ರವೈದ್ಯರು ನರವನ್ನು ತೆರೆದು ನೋಡಬೇಕಾದ ಹಂತವದು. ನಾನು ಯಂತ್ರ ಆರಿಸಿ, ಅವರನ್ನು ಪಕ್ಕದ ಕೋಣೆಗೆ ಕರೆದು ಇದನ್ನೆಲ್ಲ ಹೇಳಿದೆ. ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ.

“ಒಂದು ಆಪರೇಷನ್ ಮಾಡಿಸ್ಕೊಂಡೇ ಕೈ ಹಿಂಗಾಗಿರೋದು ಮೇಡಂ. ಇನ್ನೊಂದ್ ಬ್ಯಾಡ. ನಿಮ್ ಮಿಷಿನ್‌ಗೆ ಎದ್ದೈತಲ್ಲ, ದಿನಾ ಬರ್ತೀನಿ, ಕರೆಂಟ್ ಕೊಡ್ರಿ.”

ಕೈ ಜೋತುಬಿದ್ದದ್ದು ಮುರಿತದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಯಾರಿಗೂ ಗೊತ್ತಿರಲಿಲ್ಲ. ಅವರ ಮನಸ್ಸಿನಲ್ಲಿ ಮಾತ್ರ ತೀರ್ಮಾನವಾಗಿತ್ತು. ಗಂಡ ಹೆಂಡತಿ ನಗುನಗುತ್ತಾ ಹೊರಟುಹೋದರು.

ಸಂಜೆ ಶ್ರಾವಣಿ ಎಂಬ ವಿದ್ಯಾರ್ಥಿನಿ ನನ್ನ ಕೋಣೆಗೆ ಬಂದಳು. ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಫಲಿತಾಂಶದ ಅರ್ಥವನ್ನು ನಾನು ತರಗತಿಗೆ ವಿವರಿಸಿದಾಗಿನಿಂದ ಅವಳ ಮುಖ ಬಾಡಿತ್ತು.

“ಮೊದ್ಲು ಚಪ್ಪಾಳೆ ತಟ್ಟಿದ್ದು ನಾನೇ ಮೇಡಂ. ಅವ್ರ ಅಂಗಡಿಗೆ ಹೋಗಿ ನಾನೇ ಹೇಳ್ತೀನಿ. ನೀವೂ ಬರ್ತೀರಾ?”

ರೋಗಿಯ ಮನವೊಲಿಸುವುದು ಎರಡನೇ ವರ್ಷದವರ ಕೆಲಸವಲ್ಲ. ಆದರೂ ಮರುದಿನ ಅವಳ ಜೊತೆ ಹೋದೆ.

ಅಂಗಡಿಯ ಮುಂದೆ ಒಂದು ಆಟೋ ನಿಂತಿತ್ತು. ದಾದಾಪೀರ್ ಎಡಗೈಯಲ್ಲಿ ಬಲಗೈಯನ್ನು ಎದೆಗೆ ಆನಿಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಅವರ ತಮ್ಮ ಸಲೀಂ, ಅಣ್ಣ ಹೇಳಿದಂತೆ ಕೆಲಸ ಮಾಡುತ್ತಿದ್ದ. ಶಬಾನಾ ಮಧ್ಯಾಹ್ನದ ಊಟ ತಂದಿದ್ದರು. ಆಟೋ ಸ್ಟಾರ್ಟ್ ಆಗುತ್ತಿರಲಿಲ್ಲ.

“ಬ್ಯಾಟ್ರಿಯಿಂದ ಸೆಲ್ಫ್‌ಗೆ ಡೈರೆಕ್ಟ್ ಕೊಡು ಲೇ,” ಎಂದರು ದಾದಾಪೀರ್. ಸಲೀಂ ವೈರಿನ ತುದಿ ಮುಟ್ಟಿಸಿದ. ಕಿಡಿ ಹಾರಿ, ಎಂಜಿನನ್ನು ಚಾಲೂ ಮಾಡುವ ಸೆಲ್ಫ್ ಮೋಟರ್ ಗಿರ್ರನೆ ತಿರುಗಿತು.

ಶ್ರಾವಣಿ ಒಂದು ಕ್ಷಣ ಅದನ್ನೇ ನೋಡುತ್ತಾ ನಿಂತಳು. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದ ಮಾತನ್ನು ಬಿಟ್ಟು, “ಮೋಟರ್ ತಿರುಗ್ತಲ್ಲಣ್ಣ, ಹಂಗಾದ್ರೆ ಗಾಡಿ ಸರಿಹೋಯ್ತಾ?” ಎಂದು ಕೇಳಿದಳು.

ಅವರು ನಕ್ಕರು. “ಎಲ್ಲಿ ಸರಿಹೋಯ್ತಮ್ಮ? ಮೋಟರ್ ಚೆನ್ನಾಗೈತೆ, ಅಷ್ಟೆ. ಕೀಯಿಂದ ಬರೋ ವೈರ್ನಾಗೆ ತೊಂದ್ರೆ ಐತೆ.”

“ನಿನ್ನೆ ಮೇಡಂ ನಿಮ್ ಕೈಗೆ ಕೊಟ್ಟಿದ್ದೂ ಡೈರೆಕ್ಟೇ ಅಣ್ಣ. ನರದ ಕಡೆಯಿಂದ ಕೊಟ್ಟಾಗ ಏಳಲಿಲ್ಲ. ಗೊತ್ತಿಲ್ದೆ ನಾನು ಚಪ್ಪಾಳೆ ಹೊಡೆದುಬಿಟ್ಟೆ. ತಪ್ಪಾಯ್ತು.”

ಅವರ ನಗು ನಿಂತಿತು. ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ನನ್ನನ್ನು ಕೇಳಿದರು: “ವೈರ್ ಕಟ್ಟಾಗೈತಾ, ಎಲ್ಲಾರ ಸಿಕ್ಕಾಕಂಡೈತಾ?”

“ತೆರೆದು ನೋಡಿದರೇ ಗೊತ್ತಾಗೋದು.”

“ಸುಮ್ನೆ ಬಿಟ್ರೆ ಮೋಟರ್ ಎಷ್ಟು ದಿನ ತಡಿತೈತೆ?”

ನಾನು ಮುಚ್ಚುಮರೆಯಿಲ್ಲದೆ ಹೇಳಿದೆ. ನರವಿಲ್ಲದ ಸ್ನಾಯು ದಿನದಿನಕ್ಕೂ ಸೊರಗುತ್ತದೆ. ತೀರ ತಡವಾದರೆ ಆಮೇಲೆ ನರ ಬಂದರೂ ಪ್ರಯೋಜನವಿಲ್ಲ. ನಮ್ಮ ಕರೆಂಟು ಅದಕ್ಕೆ ಬದಲಿಯಾಗಲಾರದು. ಶಸ್ತ್ರಚಿಕಿತ್ಸೆ ಮಾಡಿದರೂ ಪೂರ್ತಿ ಸರಿಹೋಗುತ್ತದೆಂಬ ಖಾತ್ರಿ ಕೊಡಲಾಗುವುದಿಲ್ಲ ಎಂದೂ ಹೇಳಿದೆ. ಶಬಾನಾ ಊಟದ ಡಬ್ಬಿಯನ್ನು ಮುಚ್ಚುತ್ತಾ, “ಎಲ್ಲಿಗ್ ಹೋಗ್ಬೇಕು ಅಂತ ಬರ್ದುಕೊಡ್ರಿ ಮೇಡಂ, ನಾನು ಕರ್ಕೊಂಡ್ ಹೋಗ್ತೀನಿ,” ಎಂದರು.

ದಾವಣಗೆರೆಯಲ್ಲಿ ನರದ ಪರೀಕ್ಷೆಯಾಯಿತು. ನಮ್ಮ ಅನುಮಾನ ನಿಜವಾಗಿತ್ತು. ಶಸ್ತ್ರವೈದ್ಯರು ತೆರೆದು ನೋಡಿದಾಗ ನರ ತುಂಡಾಗಿರಲಿಲ್ಲ. ಮುರಿದ ಜಾಗದಲ್ಲಿ ಗಾಯ ಮಾಯುವಾಗ ಬೆಳೆದ ಗಟ್ಟಿ ಅಂಗಾಂಶದೊಳಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿದರು. ಬಿಡುಗಡೆಯಾದ ನರ ದಿನಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಕಾಯುವ ಆ ತಿಂಗಳುಗಳಲ್ಲಿ ಶ್ರಾವಣಿಯ ಬ್ಯಾಚಿನವರು ಸರದಿಯಂತೆ ಅವರ ಕೀಲುಗಳು ಬಿಗಿಯದಂತೆ ಆಡಿಸಿದರು, ಮಣಿಕಟ್ಟನ್ನು ಎತ್ತಿಹಿಡಿಯುವ ಪಟ್ಟಿ ತೊಡಿಸಿದರು. ಎಷ್ಟೋ ವಾರ ಏನೂ ಬದಲಾಗಲಿಲ್ಲ. ಒಮ್ಮೆ ದಾದಾಪೀರ್ ಬೇಸತ್ತು ಬರುವುದನ್ನೇ ಬಿಟ್ಟರು. ಶಬಾನಾ ಬೈದು ಮತ್ತೆ ಕಳಿಸಿದರು.

ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳು ಕಳೆದು, ಶೇಂಗಾ ಕೊಯ್ಲಾಗಿ ಮಾರುಕಟ್ಟೆಗೆ ಬರುವ ಕಾಲಕ್ಕೆ, ಅವರ ಮುಂಗೈ ಮೇಲೆ ನನ್ನ ಬೆರಳಿಟ್ಟು, “ಕೈ ಎತ್ತಲು ಪ್ರಯತ್ನಿಸಿ,” ಎಂದಾಗ ಚರ್ಮದ ಕೆಳಗೆ ಸಣ್ಣದೊಂದು ಬಿಗಿತ ತಾಗಿತು. ಕಣ್ಣಿಗೆ ಕಾಣುವಷ್ಟು ಇರಲಿಲ್ಲ. ಮುಂದಿನ ಕೆಲವು ತಿಂಗಳಲ್ಲಿ ಮಣಿಕಟ್ಟು ಎದ್ದಿತು, ಆಮೇಲೆ ಬೆರಳುಗಳು. ಹೆಬ್ಬೆರಳು ಇಂದಿಗೂ ಪೂರ್ತಿ ಚಾಚುವುದಿಲ್ಲ. ವೈರಿಂಗ್ ಕೆಲಸಕ್ಕೆ ಅಷ್ಟು ಸಾಕು ಎನ್ನುತ್ತಾರೆ ಅವರು.

ಯಂತ್ರ ಕೊಟ್ಟ ಉತ್ತರವನ್ನು ನೋಡುವುದು ಸುಲಭ, ಓದುವುದು ಕಷ್ಟ ಎಂದು ಈ ಪ್ರಕರಣ ನನಗೆ ಕಲಿಸಿತು. ನಾವು ಅದನ್ನು ಓದುವ ಮೊದಲೇ ರೋಗಿ ನಮ್ಮ ಮುಖವನ್ನು ಓದಿ ಮುಗಿಸಿರುತ್ತಾನೆ. ಹಾಗಾಗಿ ಸ್ವಿಚ್ ಹಾಕುವ ಮೊದಲೇ, ಏನು ಕಂಡರೆ ಏನರ್ಥ ಎಂಬುದನ್ನು ಅವನಿಗೆ ಹೇಳಿಟ್ಟಿರಬೇಕು. ಶ್ರಾವಣಿ ಈಗ ಮೊಳಕಾಲ್ಮೂರಿನಲ್ಲಿ ಸ್ವಂತ ಕ್ಲಿನಿಕ್ ನಡೆಸುತ್ತಾಳೆ. ಕಳೆದ ಸಲ ನಾನು ಹೋದಾಗ ಒಬ್ಬ ಅಜ್ಜಿ ಭುಜ ಹಿಡಿದುಕೊಂಡು, “ಮೊದ್ಲು ಕರೆಂಟ್ ಕೊಡವ್ವ,” ಎಂದು ಒತ್ತಾಯಿಸುತ್ತಿದ್ದಳು. ಶ್ರಾವಣಿ ಯಂತ್ರದ ಕಡೆ ಕೈ ಚಾಚಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತು, “ನೋವು ಯಾವಾಗಿಂದ ಐತೆ, ನಿಧಾನಕ್ಕೆ ಹೇಳವ್ವ,” ಎಂದಳು.