ಖಾಲಿ ಬೋರ್ಡು ಎಂದು ಬರೆದದ್ದು

ಎಲೆಕ್ಟ್ರಾನಿಕ್ ಸಿಟಿಯ ಆ ಕಾರ್ಖಾನೆಗೆ ಸೇರುವಾಗ ನಾನು ಸರ್ಕ್ಯೂಟ್ ಬೋರ್ಡನ್ನು ಕೈಯಲ್ಲಿ ಹಿಡಿದವನೇ ಅಲ್ಲ. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ ಬಂದಿದ್ದೆ. ಕಾರ್ಖಾನೆಯಲ್ಲಿ ಅಂಗಡಿಗಳಿಗೆ ಬೇಕಾದ ಎಲೆಕ್ಟ್ರಾನಿಕ್ ತಕ್ಕಡಿ ಮಾಡುತ್ತಿದ್ದರು. ಅದರೊಳಗಿನ ಬೋರ್ಡುಗಳು ಹೊರದೇಶದಿಂದ ವಿಮಾನದಲ್ಲಿ ಬರುತ್ತಿದ್ದವು. ಅವು ಕಸ್ಟಮ್ಸ್ ದಾಟಿ ಬರಲು ಬೇಕಾದ ಕಾಗದಪತ್ರ ಸಿದ್ಧಮಾಡುವುದು ನನ್ನ ಕೆಲಸ.

ಗಡಿ ದಾಟುವ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಇರುತ್ತದೆ. ಸುಂಕ ಎಷ್ಟು ಎಂಬುದನ್ನು ಹೇಳುವುದು ಆ ಸಂಖ್ಯೆಯೇ. ಅಚ್ಚು ಹಾಕಿದ ಖಾಲಿ ಬೋರ್ಡಿಗೆ ಎಂಬತ್ತೈದು ಮೂವತ್ನಾಲ್ಕು. ಅದಕ್ಕೆ ಆಗ ಸುಂಕವಿರಲಿಲ್ಲ. ಅಚ್ಚಿನಲ್ಲೇ ಮೂಡಿದ್ದು ಏನಿದ್ದರೂ ಅದು ಖಾಲಿ ಬೋರ್ಡೇ. ಆದರೆ ಬೇರೆ ಕಡೆ ಮಾಡಿದ ಒಂದು ಬಿಡಿಭಾಗವನ್ನು ತಂದು ಅದರ ಮೇಲೆ ಬೆಸುಗೆ ಹಾಕಿದರೆ ಆ ಸಂಖ್ಯೆ ಬಿಟ್ಟುಹೋಗುತ್ತದೆ. ಆಮೇಲೆ ಅದು ಯಾವ ಯಂತ್ರದೊಳಗೆ ಹೋಗುತ್ತದೋ ಆ ಯಂತ್ರದ ಭಾಗ. ನಮ್ಮದಾದರೆ ತಕ್ಕಡಿಯ ಭಾಗ, ಅದಕ್ಕೆ ಸುಂಕವಿತ್ತು.

ಈ ನಿಯಮವನ್ನು ನಾನು ಬಾಯಿಪಾಠ ಮಾಡಿದ್ದೆ. ಕಾಗದ ಬರೆಯುವಾಗ ಮಾತ್ರ ಹಳೇ ಫೈಲು ತೆಗೆದು ಅಲ್ಲಿದ್ದ ಸಂಖ್ಯೆಯನ್ನೇ ಇಳಿಸುತ್ತಿದ್ದೆ. ನಮ್ಮ ಮಾಲು ಬಿಡಿಸಿಕೊಡುತ್ತಿದ್ದ ಏಜೆಂಟರು ಕಲಿಸಿದ್ದೂ ಅದನ್ನೇ. "ಹೊಸದಾಗಿ ಯೋಚ್ನೆ ಮಾಡ್ಬೇಡಿ ಸಾರ್. ಹೋದ್ಸಲ ಪಾಸಾಗಿದ್ದು ಈ ಸಲಾನೂ ಪಾಸಾಗತ್ತೆ" ಎನ್ನುತ್ತಿದ್ದರು. ಒಂದೂವರೆ ವರ್ಷ ಹಾಗೇ ಪಾಸಾಯಿತು.

ವಿಮಾನ ನಿಲ್ದಾಣ ಇನ್ನೂ ಊರೊಳಗಿನ ಹಳೇ ಜಾಗದಲ್ಲೇ ಇದ್ದ ಕಾಲ. ಒಂದು ಸೋಮವಾರ ಏಜೆಂಟರ ಫೋನು ಬಂತು. ಮಾಲು ತಡೆಹಿಡಿದಿದ್ದಾರೆ. ಪೆಟ್ಟಿಗೆಯಲ್ಲಿ ಎರಡು ಬಗೆಯ ಬೋರ್ಡುಗಳಿದ್ದವು, ಅಂಗೈ ಅಗಲದ್ದೊಂದು, ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು. ಎರಡನ್ನೂ ಸೇರಿಸಿ ನಾನು ಒಂದೇ ಸಾಲಿನಲ್ಲಿ ಖಾಲಿ ಬೋರ್ಡು ಎಂದು ಬರೆದಿದ್ದೆ. ಅಧಿಕಾರಿ ದೊಡ್ಡದನ್ನು ಬಿಚ್ಚಿ ನೋಡಿದ್ದರು. ಅದರ ಮೇಲೆ ಸಾಲಾಗಿ ಕಪ್ಪು ಚೌಕಗಳು ಕಂಡಿದ್ದವು. "ಇಷ್ಟೊಂದು ಪಾರ್ಟ್ಸ್ ಕೂರ್ಸಿದಾರೆ, ಖಾಲಿ ಅಂತ ಬರ್ದಿದೀರಲ್ರೀ" ಎಂದರಂತೆ. ಗೊತ್ತಿರುವವರು ಬಂದು ವಿವರಿಸಬೇಕು, ಅಲ್ಲಿಯವರೆಗೆ ಮಾಲು ಅಲ್ಲೇ.

ಏಜೆಂಟರು ಎರಡೂ ಬಗೆಯ ಒಂದೊಂದು ಮಾದರಿಯನ್ನು ಅಧಿಕಾರಿಯ ಅನುಮತಿ ಪಡೆದು ಕಾರ್ಖಾನೆಗೆ ಕಳಿಸಿದರು. ನಾನು ಅವನ್ನು ಮ್ಯಾನೇಜರ ಮುಂದಿಟ್ಟೆ. ಬೋರ್ಡಿನ ವಿನ್ಯಾಸ ನೋಡುತ್ತಿದ್ದ ಎಂಜಿನಿಯರ್ ಪುಣೆಗೆ ಹೋಗಿದ್ದರು. ಬೋರ್ಡಿಲ್ಲದೆ ಜೋಡಣೆಯ ಸಾಲು ನಿಂತಿತ್ತು, ಅಲ್ಲಿನ ಹೆಂಗಸರನ್ನು ಮಧ್ಯಾಹ್ನವೇ ಮನೆಗೆ ಕಳಿಸಿದ್ದರು. ಮ್ಯಾನೇಜರು, "ತಪಾಸಣೆಯ ಅಕ್ಕನ್ನ ಕೇಳಿ. ನಮ್ಮೆಲ್ಲರಿಗಿಂತ ಜಾಸ್ತಿ ಬೋರ್ಡ್ ನೋಡಿರೋದು ಅವ್ರೇ" ಎಂದರು.

ಆಕೆ ಬಾಗಲಕೋಟೆ ಕಡೆಯವರು. ನಲವತ್ತರ ಆಸುಪಾಸು. ಗಂಡ ಕಟ್ಟಡದ ಕೆಲಸಕ್ಕೆ ಬಂದವರು, ಬೊಮ್ಮನಹಳ್ಳಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಒಂಬತ್ತು ವರ್ಷದಿಂದ ದಿನವಿಡೀ ಭೂತಗನ್ನಡಿಯ ಕೆಳಗೆ ಬೋರ್ಡು ಹಿಡಿದು ಬಿರುಕು, ಬೆಸುಗೆಯ ದೋಷ ಹುಡುಕುತ್ತಿದ್ದರು. ಕಾರ್ಖಾನೆಯ ಪಟ್ಟಿಯಲ್ಲಿ ಅವರ ಹುದ್ದೆ ಸಹಾಯಕಿ.

ದೊಡ್ಡ ಬೋರ್ಡನ್ನು ಗಾಜಿನ ಕೆಳಗಿಟ್ಟು ಒಂದು ಸಲ ನೋಡಿದರು. "ಇದರಾಗ ಏನೂ ಹಚ್ಚಿಲ್ರಿ ಸರ್. ಈ ಕಪ್ಪಂದು ಅಚ್ಚಿನಾಗ ಬಂದದ್ದು. ಮಸಿ ಬಳದಂಗ ಐತಿ ನೋಡ್ರಿ. ಬ್ಯಾರೆ ತಂದು ಹಚ್ಚಿದ್ರ ಅದಕ್ಕ ಕಾಲು ಇರತಾವ, ಕಾಲಿನ ಬುಡಕ ಬೆಸುಗಿ ಹೊಳೀತೈತಿ."

ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಅವರು ಚಿಕ್ಕ ಬೋರ್ಡನ್ನೂ ಗಾಜಿನ ಕೆಳಗೆ ತಂದಿದ್ದರು. ಇದನ್ನು ನೋಡಲು ಹೆಚ್ಚು ಹೊತ್ತು ಹಿಡಿಯಿತು.

"ಇದು ಖಾಲಿ ಅಲ್ರಿ" ಎಂದರು. "ಮೂಲ್ಯಾಗ ನೋಡ್ರಿ. ಎರಡು ಕುಂತಾವ, ಎಳ್ಳಿನಷ್ಟು. ಮೊದಲಿನ ಸಲ ಇವು ಇರಲಿಲ್ಲ. ನಾವ ಇಲ್ಲಿ ಹಚ್ಚತಿದ್ವಿ. ಈ ಸಲ ಅವರ ಹಚ್ಚಿ ಕಳಿಸ್ಯಾರ."

ನಾನೂ ನೋಡಿದೆ. ಎರಡು ಕಂದು ಬಣ್ಣದ ಕೆಪಾಸಿಟರುಗಳು, ಎರಡೂ ತುದಿಯಲ್ಲಿ ಬೆಸುಗೆಯ ಮಿಂಚು. ಸರಬರಾಜುದಾರರ ಪತ್ರವ್ಯವಹಾರ ತೆಗೆದು ನೋಡಿದರೆ, ಎರಡು ತಿಂಗಳ ಹಿಂದೆಯೇ ಈ ಬದಲಾವಣೆಯನ್ನು ತಿಳಿಸಿದ್ದರು. ಕಾಗದ ನನ್ನ ಫೈಲಿನಲ್ಲೇ ಇತ್ತು. ನಾನು ಓದಿರಲಿಲ್ಲ.

ಏಜೆಂಟರಿಗೆ ಹೇಳಿದಾಗ ಅವರ ದನಿ ಇಳಿಯಿತು. "ಸಾರ್, ಅವ್ರಿಗೆ ಡೌಟ್ ಇರೋದು ದೊಡ್ಡದ್ರ ಮೇಲೆ. ಚಿಕ್ಕದನ್ನ ಕಣ್ಣೆತ್ತಿಯೂ ನೋಡಿಲ್ಲ. ದೊಡ್ಡದನ್ನ ಪ್ರೂವ್ ಮಾಡಿ ಬಂದ್ಬಿಡಿ, ಸುಮ್ನೆ ಇರಿ." ಮ್ಯಾನೇಜರು, "ಕೇಳಿದ್ರೆ ಹೇಳಿ" ಎಂದರು. ಕೇಳದಿದ್ದರೆ ಏನು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನೂ ಆಕೆಯೂ ಕಾರ್ಖಾನೆಯ ವ್ಯಾನಿನಲ್ಲಿ ವಿಮಾನ ನಿಲ್ದಾಣದ ಕಸ್ಟಮ್ಸ್ ಕಚೇರಿಗೆ ಹೊರಟೆವು. ಹೊಸೂರು ರಸ್ತೆಯಲ್ಲಿ ಮೇಲ್ಸೇತುವೆಯ ಕೆಲಸ ನಡೆಯುತ್ತಿತ್ತು, ವ್ಯಾನು ನಿಂತು ನಿಂತು ಸಾಗಿತು. ಆಕೆ ಒಗೆದ ಸೀರೆ ಉಟ್ಟು, ತಮ್ಮ ಭೂತಗನ್ನಡಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು.

"ಸರ್, ಅವರು ಸಣ್ಣದ್ದು ಕೇಳಿದ್ರ ನಾ ಏನ ಹೇಳ್ಲಿ?"

"ಇದ್ದದ್ದನ್ನೇ ಹೇಳಿ ಅಕ್ಕ."

"ಕೇಳಲಿಲ್ಲಂದ್ರ?"

ನಾನು ರಸ್ತೆ ನೋಡುತ್ತ ಕೂತೆ.

ಅಧಿಕಾರಿ ನಿವೃತ್ತಿಯ ಹತ್ತಿರದವರು, ಗಂಭೀರ ಮನುಷ್ಯ. ಆಕೆಯನ್ನು ನೋಡಿ, "ಇವ್ರು ಎಂಜಿನಿಯರಾ?" ಎಂದು ನನ್ನನ್ನು ಕೇಳಿದರು.

"ಅಲ್ಲ ಸಾರ್. ತಪಾಸಣೆ ಮಾಡೋರು."

"ಸರಿ, ಹೇಳಮ್ಮ."

ಆಕೆ ಕೂರಲಿಲ್ಲ. ನಮ್ಮ ಕಾರ್ಖಾನೆಯಿಂದ ತಂದಿದ್ದ, ಭಾಗಗಳನ್ನು ಜೋಡಿಸಿದ ಒಂದು ಬೋರ್ಡನ್ನೂ ಪೆಟ್ಟಿಗೆಯ ದೊಡ್ಡ ಬೋರ್ಡನ್ನೂ ಅಕ್ಕಪಕ್ಕ ಇಟ್ಟರು. ಗಾಜನ್ನು ಅಧಿಕಾರಿಯ ಕೈಗೆ ಕೊಟ್ಟು, "ಇದರ ಕಾಲು ನೋಡ್ರಿ ಸಾಹೇಬ್ರ. ಈಗ ಇದರಾಗ ಕಾಲು ಹುಡಕ್ರಿ" ಎಂದರು. ಅಧಿಕಾರಿ ಹುಡುಕಿದರು, ಸಿಗಲಿಲ್ಲ. ಕಪ್ಪು ಚೌಕದ ಮೇಲೆ ಉಗುರು ಆಡಿಸಿ ನೋಡಿದರು. ಎದ್ದು ಬರುವಂಥದ್ದು ಏನೂ ಇರಲಿಲ್ಲ. ನಾನು ತಯಾರಕರಿಂದ ತರಿಸಿದ್ದ ವಿವರಣೆಯ ಹಾಳೆ ಕೊಟ್ಟೆ. ಕಪ್ಪು ಚೌಕಗಳು ಅಚ್ಚಿನ ಹಂತದಲ್ಲೇ ಮೂಡಿಸಿದ ರೆಸಿಸ್ಟರುಗಳು ಎಂದು ಅದರಲ್ಲಿತ್ತು. ಅವರು ಎರಡು ಸಲ ಓದಿದರು.

"ಒಪ್ಪಿದೆ" ಎಂದು ಪೆನ್ನು ತೆಗೆದರು.

ಆಗ ನಾನು ಆಕೆಯ ಕಡೆ ನೋಡಿದೆ. ಆಕೆ ನನ್ನನ್ನೇ ನೋಡುತ್ತಿದ್ದರು, ತುಟಿ ಅಲುಗಿದಂತಿತ್ತು.

"ಸಾರ್, ಇನ್ನೊಂದಿದೆ" ಎಂದೆ. ಜೇಬಿನಿಂದ ಚಿಕ್ಕ ಬೋರ್ಡು ತೆಗೆದು ಮೇಜಿನ ಮೇಲಿಟ್ಟೆ. "ಇದು ಖಾಲಿ ಅಲ್ಲ. ನಾನು ತಪ್ಪಾಗಿ ಬರೆದಿದೀನಿ."

ಇದನ್ನು ಆಮೇಲೆ ಕೆಲವರಿಗೆ ಹೇಳುವಾಗ ನಾನು ಪ್ರಾಮಾಣಿಕನಾಗಿದ್ದೆ ಎಂಬ ಅರ್ಥ ಬರುವಂತೆ ಹೇಳಿದ್ದುಂಟು. ನಿಜ ಅಷ್ಟು ಚೆನ್ನಾಗಿಲ್ಲ. ಇನ್ನೊಂದು ಗಳಿಗೆ ಬಿಟ್ಟರೆ ಆಕೆಯೇ ಹೇಳಿಬಿಡುತ್ತಾರೆ ಎಂದು ನನಗೆ ಅನ್ನಿಸಿತ್ತು. ಆಕೆಯ ಬಾಯಿಂದ ಅದು ಬರುವಾಗ ಪಕ್ಕದಲ್ಲಿ ನಿಂತಿರುವುದು ನನ್ನಿಂದ ಆಗುತ್ತಿರಲಿಲ್ಲ.

ಅಧಿಕಾರಿ ಪೆನ್ನು ಮುಚ್ಚಿದರು. ಗಾಜಿನಲ್ಲಿ ಎಳ್ಳಿನಂಥ ಎರಡು ಭಾಗಗಳನ್ನು ನೋಡಿ, "ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ರೀ ನಿಮ್ಗೆ?" ಎಂದು ದನಿ ಏರಿಸಿದರು. ಬೈಗುಳ ಹತ್ತು ನಿಮಿಷ ನಡೆಯಿತು. ಕಾಗದ ತಿದ್ದಿ ತರಲು ಹೇಳಿದರು. ದೊಡ್ಡದು ಖಾಲಿ ಬೋರ್ಡಾಗಿ ಉಳಿಯಿತು, ಚಿಕ್ಕದು ತಕ್ಕಡಿಯ ಭಾಗವಾಯಿತು. ಸುಂಕ ಕಟ್ಟಬೇಕಾಯಿತು, ಮೇಲೆ ದಂಡವೂ ಬಿತ್ತು. ಮಾಲು ಬಿಡುಗಡೆಯಾಗಲು ಇನ್ನೂ ಮೂರು ದಿನ ಹಿಡಿಯಿತು, ಆ ಮೂರು ದಿನವೂ ಸಾಲಿನ ಹೆಂಗಸರಿಗೆ ಕೆಲಸವಿರಲಿಲ್ಲ.

ಹೊರಡುವ ಮುನ್ನ ಅಧಿಕಾರಿ ಆಕೆಯ ಹೇಳಿಕೆ ಬರೆಸಿಕೊಂಡರು. ಆಕೆ ಕನ್ನಡದಲ್ಲಿ ಸಹಿ ಮಾಡಿದರು. ಹುದ್ದೆ ಏನೆಂದು ಬರೆಯಲಿ ಎಂದು ಅವರು ಕೇಳಿದಾಗ ಆಕೆ ನನ್ನ ಮುಖ ನೋಡಿದರು. "ಕ್ವಾಲಿಟಿ ಇನ್ಸ್‌ಪೆಕ್ಟರ್ ಅಂತ ಬರೀರಿ ಸಾರ್" ಎಂದೆ. ಆ ದಿನ ನಾನು ಹೇಳಿದ ಸುಳ್ಳು ಅದೊಂದೇ.

ಕಾರ್ಖಾನೆಯಲ್ಲಿ ನನಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಏಜೆಂಟರು ತಿಂಗಳುಗಟ್ಟಲೆ ನನ್ನೊಡನೆ ಬಿಗಿಯಾಗಿದ್ದರು. ಮ್ಯಾನೇಜರು ಬೈಯಲಿಲ್ಲ. ಒಂದು ತಿಂಗಳು ದಿನಕ್ಕೆರಡು ಗಂಟೆ ತಪಾಸಣೆಯ ಮೇಜಿನಲ್ಲಿ ಕೂರಲು ಹೇಳಿದರು. ಹೊಸ ಮಾಲಿನ ಮಾದರಿಯನ್ನು ಗಾಜಿನ ಕೆಳಗೆ ನೋಡದೆ ಸಂಖ್ಯೆ ಬರೆಯಬಾರದು ಎಂಬ ಅಭ್ಯಾಸ ನನಗೆ ಬಂದದ್ದು ಅಲ್ಲೇ. ಆಕೆ ಒಳ್ಳೆಯ ಗುರು, ಆದರೆ ಹೊಗಳುವವರಲ್ಲ. ನಾನು ಗುರುತಿಸಿದ್ದು ಸರಿಯಾಗಿದ್ದರೆ ಬೋರ್ಡನ್ನು ಸುಮ್ಮನೆ ಪಕ್ಕಕ್ಕೆ ಸರಿಸುತ್ತಿದ್ದರು. ತಪ್ಪಿದ್ದರೆ, "ಮತ್ತೊಮ್ಮೆ ನೋಡ್ರಿ" ಎನ್ನುತ್ತಿದ್ದರು.

ಆಕೆಯ ಹುದ್ದೆ ಬದಲಾಯಿಸಬೇಕೆಂದು ನಾನು ಆಡಳಿತ ವಿಭಾಗಕ್ಕೆ ಮೂರು ಸಲ ಬರೆದೆ. ಮ್ಯಾನೇಜರೂ ಒಂದು ಸಲ ಬರೆದರು. ಒಂದು ವರ್ಷ ಕಳೆದ ಮೇಲೆ ಗುರುತಿನ ಚೀಟಿಯಲ್ಲಿ ಇನ್ಸ್‌ಪೆಕ್ಟರ್ ಎಂಬ ಪದ ಬಂತು. ಅದನ್ನು ನನಗೆ ತೋರಿಸಲು ಆಕೆ ನಮ್ಮ ವಿಭಾಗದ ತನಕ ಬಂದರು. "ಸ್ಪೆಲ್ಲಿಂಗ್ ಸರಿ ಐತೇನ್ರಿ?" ಎಂದು ಕೇಳಿದರು. ಸರಿಯಾಗಿತ್ತು.

ಮುಂದಿನ ದಶಕದಲ್ಲಿ ಆಕೆ ಪೀಣ್ಯದ ಬೇರೊಂದು ಕಾರ್ಖಾನೆಗೆ, ಹೊಸಬರಿಗೆ ತಪಾಸಣೆ ಕಲಿಸುವ ಕೆಲಸಕ್ಕೆ ಹೋದರು. ತಪಾಸಣೆಯ ಆ ಮೇಜಿಗೆ ಬೇರೆಯವರು ಬಂದರು.