ಟ್ಯಾಸಿಟರ್ನ್ ಎಂದು ಬರೆಸಿಕೊಂಡವನು

ಅರವತ್ತರ ದಶಕದ ಆರಂಭ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ಮೊದಲ ದಿನ ಬಾಯಿ ತೆರೆದು ಹೆಸರು ಹೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಯಂತ್ರಗಳ ಆರ್ಭಟ ಹಾಗಿತ್ತು. ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಎರಡೂ ಕೈ ಮೇಲೆತ್ತಿದರೆ ಕಾಗದ ಹರಿದಿದೆ ಎಂದರ್ಥ; ಅಂಗೈ ಮಗುಚಿದರೆ ಇನ್ನು ಸಾಕು.

ನವಲಗುಂದದ ಕಡೆಯ ನಮ್ಮೂರಿನಲ್ಲಿ ನಾನು ಹರಟೆಮಲ್ಲ. ನಾನು ಬರುವ ತನಕ ಕಟ್ಟೆಯ ಮೇಲೆ ಯಾರೂ ಎಲೆ ಅಡಿಕೆ ಚೀಲ ಬಿಚ್ಚುತ್ತಿರಲಿಲ್ಲ. ಇಲ್ಲಿ ಖೋಲಿಯ ಜೊತೆಗಾರರಲ್ಲಿ ಒಬ್ಬ ಜೋಯಿಡಾದ ಕೊಂಕಣಿಯವನು, ಇನ್ನೊಬ್ಬ ಮರಾಠಿಯವನು. ‘ಶೀತ್’ ಎಂದರೆ ಅನ್ನ ಎಂದು ತಿಳಿಯಲು ನನಗೆ ವಾರ ಹಿಡಿಯಿತು. ಜೋಳದ ರೊಟ್ಟಿಯಿಲ್ಲದ ಊಟ, ನಗಿಸಲು ಯಾರೂ ಇಲ್ಲದ ಸಂಜೆ. ಊರು ಬಲು ನೆನಪಾಗುತ್ತಿತ್ತು.

ಕೆಲಸ ಕಾಯಂ ಆದರೆ ಕ್ವಾರ್ಟರ್ಸ್. ಕ್ವಾರ್ಟರ್ಸ್ ಸಿಕ್ಕರೆ ತವರಿನಲ್ಲಿ ಕಾಯುತ್ತಿದ್ದ ಹೆಂಡತಿ ಗಂಗವ್ವ ಬರುತ್ತಾಳೆ. ವರ್ಷದ ಕೊನೆಗೆ ಸಾಹೇಬರು ಇಂಗ್ಲಿಷಿನಲ್ಲಿ ನನ್ನ ವರದಿ ಬರೆದರು. ಗುಮಾಸ್ತ ಕುಲಕರ್ಣಿಯವರು ಗುಟ್ಟಾಗಿ ಕರೆದು ಹೇಳಿದರು: “ನಿನಗ ಟ್ಯಾಸಿಟರ್ನ್ ಅಂತ ಬರದಾರ ನೋಡಪಾ.”

“ಬೈಗಳೇನ್ರಿ ಅದು?”

“ಅಲ್ಲೋ. ಮಾತು ಬರದವ ಅಲ್ಲ, ಸೊಕ್ಕಿನವನೂ ಅಲ್ಲ. ಸ್ವಭಾವದಿಂದನ ಮಾತು ಕಮ್ಮಿ ಇದ್ದವ. ಕೆಲವರು ಈ ಶಬ್ದಾನ ಕೊಂಕಿಗೂ ಹಚ್ಚತಾರ, ಸಾಹೇಬರು ಮೆಚ್ಚಿ ಬರದಾರ. ಮಷಿನ್ನಿಗೆ ಅಂಥವನ ಬೇಕಂತ.”

“ಆದ್ರ ನಾ ಅಂಥವ ಅಲ್ರೀ! ನಮ್ಮೂರಾಗ ಯಾರನ್ನರ ಕೇಳ್ರಿ…”

“ಕಾಯಂ ಆಗೂ ತನಕಾ ಬಾಯಿ ಮುಚಗೊಂಡಿರು, ತಮ್ಮಾ.”

ಮುಚ್ಚಿಕೊಂಡೆ. ಕ್ಯಾಂಟೀನಿನಲ್ಲಿ ಯಾರೋ ನಮ್ಮ ಕಡೆಯ ಕಥೆಯೊಂದನ್ನು ಸೊಟ್ಟಸೊಟ್ಟ ಹೇಳುತ್ತಿದ್ದಾಗಲೂ ನಾಲಿಗೆ ಬಿಗಿಹಿಡಿದು ಚಹಾ ಕುಡಿದೆ. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ನಾನು ಅನುಭವಿಸಿಲ್ಲ. ಮೂರು ತಿಂಗಳಿಗೆ ಕೆಲಸ ಕಾಯಂ ಆಯಿತು.

ಗಂಗವ್ವ ರೊಟ್ಟಿಯ ಗಂಟು ಹೊತ್ತು ಬಂದಳು. ಬಡಿಸುತ್ತ ಊರಿನ ಸುದ್ದಿಯನ್ನೆಲ್ಲ ಹೇಳಿದಳು; ನಾನು ತಲೆದೂಗುತ್ತ ಉಂಡೆ. ಇನ್ನೊಂದು ರೊಟ್ಟಿ ಹಾಕಲು ಬಂದಾಗ ಅಂಗೈ ಮಗುಚಿದೆ. ಅವಳ ಕೈ ಅಲ್ಲೇ ನಿಂತಿತು.

“ನಾ ಲಗ್ನಾದ ಮನಶ್ಯಾನ್ನ ಎಲ್ಲಿ ಬಿಟ್ಟ ಬಂದೀರಿ?”

ನಾಚಿಕೆಯೂ ದುಃಖವೂ ಒಟ್ಟಿಗೇ ಬಂದವು.

ಈಗಲೂ ಊರಿಗೆ ಹೋದರೆ ಕಟ್ಟೆಯ ಮೇಲೆ ಸರಿದು ಜಾಗ ಕೊಡುತ್ತಾರೆ, ಎಲೆ ಅಡಿಕೆ ಚೀಲ ಬಿಚ್ಚಿ ನನ್ನ ಮುಖ ನೋಡುತ್ತಾರೆ. ಅವರು ಕಾಯುತ್ತಿರುವುದು ನನಗಾಗಿ ಅಲ್ಲ ಎಂದು ಹೇಳಲು ಬಾಯಿ ಬರುವುದಿಲ್ಲ. ಅವರ ಜೊತೆ ನಾನೂ ಆ ಹಳೆಯ ಹರಟೆಮಲ್ಲನಿಗಾಗಿ ಕಾಯುತ್ತ ಕೂರುತ್ತೇನೆ.